ಕಳಚಿಟ್ಟ ಸೀರೆ ಗಾರ್ಡ್

ಭಾನುವಾರ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಹಾದುಹೋಗುವವರು ಪಂಚೆ, ಸೀರೆ ಎತ್ತಿ ಹಿಡಿದು ನಡೆಯಬೇಕಾಗಿತ್ತು. ಚಿಂತಾಮಣಿಯ ಆ ಇಕ್ಕಟ್ಟು ಬೀದಿಯ ಅರ್ಧಕ್ಕೆ ನೊರೆ ಹರಿಸಿಕೊಂಡು ನಾನು ಬೈಕು ತೊಳೆಯುತ್ತಿದ್ದೆ. ಶಿಡ್ಲಘಟ್ಟದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ದಿನಾ ಹೋಗಿಬರುವುದು ಆ ಬೈಕಿನಲ್ಲೇ. ಕೊಂಡು ಒಂಬತ್ತು ವರ್ಷವಾಗಿದ್ದರೂ ನೋಡಿದವರು ಮೂರು ವರ್ಷದ್ದು ಅನ್ನುತ್ತಿದ್ದರು. ಹಾಗೆ ಅನ್ನಲಿ ಎಂದೇ ನಾನು ಅಷ್ಟು ಮಾಡುತ್ತಿದ್ದೆ.

ಸೈಲೆನ್ಸರಿನ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟುವುದು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಡೀಸೆಲಿಗೆ ಅದ್ದಿ ಚೈನಿನ ಜಿಡ್ಡು ತೆಗೆಯುವುದು, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಉಜ್ಜುವುದು, ಕೊನೆಗೆ ಹಳೆ ಬನಿಯನ್ನಿನಲ್ಲಿ ಟ್ಯಾಂಕಿಗೆ ಪಾಲಿಶ್ ಹಚ್ಚುವುದು. ಎರಡು ಗಂಟೆ ಹಿಡಿಯುತ್ತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ, "ತಿಂಡಿ ಆರೋಗ್ತಿದೆ, ನಿಮ್ ದೇವ್ರ ಅಭಿಷೇಕ ಮುಗೀತಾ?" ಎನ್ನುತ್ತಿದ್ದಳು.

ಆ ಬೈಕಿನಲ್ಲಿ ನನಗೆ ಹಿಡಿಸದ ಒಂದೇ ಒಂದು ವಸ್ತುವೆಂದರೆ ಸೀರೆ ಗಾರ್ಡ್. ಹಿಂದಿನ ಚಕ್ರದ ಎಡಕ್ಕೆ ಇರುತ್ತದಲ್ಲ, ಹೆಂಗಸರು ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತಾಗ ಸೀರೆ ಚಕ್ರಕ್ಕೆ ಸಿಗದ ಹಾಗೆ ತಡೆಯುವ ಕಂಬಿಯ ಜಾಲರಿ, ಅದು. ಅದರ ಹಿಂದೆ ಕೆಮ್ಮಣ್ಣು ಮೆತ್ತಿಕೊಂಡರೆ ಬ್ರಷ್ಷು ಹೋಗುತ್ತಿರಲಿಲ್ಲ, ಕೈ ತೂರುತ್ತಿರಲಿಲ್ಲ. ಕಂಬಿಗಳೂ ತುಕ್ಕು ಹಿಡಿಯತೊಡಗಿದ್ದವು. ಒಂದು ಭಾನುವಾರ ಸ್ಪ್ಯಾನರ್ ತಂದು ಬೋಲ್ಟ್ ಬಿಚ್ಚಿ ಅದನ್ನು ಕಳಚಿಟ್ಟೆ. ತುಕ್ಕು ಉಜ್ಜಿ, ಕಪ್ಪು ಬಣ್ಣ ಹೊಡೆದು, ಮುಂದಿನ ವಾರ ಮತ್ತೆ ಹಾಕುವುದೆಂದು ಯೋಚನೆ.

ಅದಿಲ್ಲದೆ ಬೈಕು ಎಷ್ಟು ಚೆನ್ನಾಗಿ ಕಂಡಿತೆಂದರೆ ನಾನು ಎದುರಿನ ಜಗಲಿಯ ಮೇಲೆ ಕೂತು ನೋಡಿದೆ. ಮರುದಿನ ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬರು, "ಏನ್ ಸಾರ್, ಗಾಡಿ ಹೊಸ್ದು ತಗೊಂಡ್ರಾ?" ಎಂದರು. ಆ ಮಾತು ಸಾಕಾಯಿತು. ಮುಂದಿನ ವಾರ ಅದರ ಮುಂದಿನ ವಾರವಾಯಿತು. ನನ್ನ ಹೆಂಡತಿ ಬೈಕು ಹತ್ತುವಾಗ ಚೂಡಿದಾರ ಹಾಕಿ ಎರಡೂ ಕಡೆ ಕಾಲು ಹಾಕಿಕೊಂಡು ಕೂರುವವಳು. ಹೀಗಾಗಿ ಗಾರ್ಡಿನ ನೆನಪು ಬರುವ ಸಂದರ್ಭವೂ ಇರಲಿಲ್ಲ. ಮೂರು ತಿಂಗಳು ಅದು ಸಜ್ಜದ ಮೇಲೆ ಹಳೆ ಪೇಪರಿನಲ್ಲಿ ಸುತ್ತಿಕೊಂಡು ಬಿದ್ದಿತ್ತು.

ಆ ಹೊತ್ತಿಗೆ ತೊಂಡೇಬಾವಿಯಿಂದ ನನ್ನ ಅಕ್ಕ ಬಂದಳು. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಅಲ್ಲಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಭಾವನ ಕಣ್ಣಿನ ಆಪರೇಷನ್ ಸಲೀಸಾಗಿ ಆದರೆ ಮುರುಗಮಲ್ಲದ ದರ್ಗಾದಲ್ಲಿ ಸಕ್ಕರೆ ಓದಿಸುತ್ತೇನೆಂದು ಹರಕೆ ಹೊತ್ತಿದ್ದಳಂತೆ. ಕಣ್ಣು ಸರಿಹೋಗಿತ್ತು. "ಬಸ್ಸಿಗೆಲ್ಲಿ ಕಾಯ್ತೀಯ, ಬೈಕಲ್ಲಿ ಹೋಗಿಬರಣ ಬಾ," ಎಂದವನು ನಾನೇ.

ಅಕ್ಕ ಹಸಿರು ಸಿಲ್ಕ್ ಸೀರೆ ಉಟ್ಟಿದ್ದಳು. ಬೈಕು ನೋಡಿ, "ಅದೆಂಥ ಪಳಪಳ ಅಂತೈತೋ! ನಿಂಗೆ ಚಿಕ್ಕೋನಾಗಿದ್ದಾಗಿಂದ್ಲೂ ಇದೇ ಹುಚ್ಚು ಕಣಪ್ಪ," ಎಂದು ಸೀಟನ್ನು ಒಮ್ಮೆ ಸವರಿ, ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತಳು. ಸಕ್ಕರೆಯ ಪೊಟ್ಟಣ ತೊಡೆಯ ಮೇಲೆ, ಬಲಗೈ ನನ್ನ ಹೆಗಲ ಮೇಲೆ. ನಾನು ಹೆಲ್ಮೆಟ್ ಹಾಕಿಕೊಂಡೆ. ಅವಳಿಗೆ ಹೆಲ್ಮೆಟ್ ಇರಲಿಲ್ಲ. ಅದೂ ನನಗೆ ತೋಚಲಿಲ್ಲ.

ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಅಕ್ಕ ಶಾಲೆಯ ಸಾಂಬಾರಿನ ವಿಷಯ ಏನೋ ಹೇಳುತ್ತಿದ್ದಳು. ಮಾತು ಅರ್ಧಕ್ಕೆ ನಿಂತಿತು. ಹೆಗಲ ಮೇಲಿದ್ದ ಕೈ ನನ್ನ ಅಂಗಿಯನ್ನು ಬಲವಾಗಿ ಹಿಡಿದು ಹಿಂದಕ್ಕೆ ಜಗ್ಗಿತು. ಹಿಂದಿನ ಚಕ್ರ ಕಚ್ಚಿಕೊಂಡಂತಾಗಿ ಬೈಕು ಅಡ್ಡಡ್ಡ ಜಾರಿತು. ಮರುಕ್ಷಣ ನಾನು ಟಾರು ರಸ್ತೆಯ ಮೇಲೆ ಮೊಣಕಾಲೂರಿ ಕೂತಿದ್ದೆ. ಬೈಕು ಎಡಕ್ಕೆ ಮಗುಚಿ ಬಿದ್ದಿತ್ತು, ಎಂಜಿನ್ ನಿಂತಿತ್ತು, ಪೆಟ್ರೋಲು ಸೋರಿ ಟ್ಯಾಂಕಿನ ಮೇಲೆ ಹರಿಯುತ್ತಿತ್ತು. ರಸ್ತೆಯ ತುಂಬ ಸಕ್ಕರೆ.

ಅಕ್ಕ ಹಿಂದಿನ ಚಕ್ರಕ್ಕೆ ತಲೆ ಆನಿಸಿ ಮಲಗಿದವಳ ಹಾಗೆ ಬಿದ್ದಿದ್ದಳು. ಬಲಗೈ ಮೈ ಕೆಳಗೆ ಸಿಕ್ಕಿಕೊಂಡಿತ್ತು. ಕಣ್ಣು ತೆರೆದೇ ಇತ್ತು, ನನ್ನನ್ನು ನೋಡುತ್ತಿತ್ತು. ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ನಾನು ಓಡಿಹೋಗಿ ಮಾಡಿದ ಮೊದಲ ಕೆಲಸವೆಂದರೆ ಬೈಕನ್ನು ಎತ್ತಿದ್ದು.

ಎತ್ತುತ್ತಿದ್ದಂತೆ ಚಕ್ರ ಇಷ್ಟು ತಿರುಗಿತು. ಅಕ್ಕನ ಮುಖ ಕಪ್ಪಿಟ್ಟಿತು.

"ಕದಿಲಿಂಚೊದ್ದಣ್ಣಾ! ಕದಿಲಿಂಚೊದ್ದು!" ಅಲುಗಿಸಬೇಡ ಎಂದು ತೆಲುಗಿನಲ್ಲಿ ಕಿರುಚುತ್ತ, ಪಕ್ಕದ ಟೊಮೆಟೊ ತೋಟದಿಂದ ಹೆಂಗಸೊಬ್ಬಳು ಓಡಿಬಂದಳು. ಕೈಯಲ್ಲಿ ಕುಡುಗೋಲಿತ್ತು. ಆಗ ನನಗೆ ಕಂಡಿತು. ಸೆರಗು ಚಕ್ರದ ಕಡ್ಡಿಗಳೊಳಗೆ ಹೋಗಿ ಹಗ್ಗದ ಹಾಗೆ ಹೊಸೆದುಕೊಂಡಿತ್ತು. ಅದರ ಇನ್ನೊಂದು ತುದಿ ಅಕ್ಕನ ಕುತ್ತಿಗೆಗೆ ಬಿಗಿದಿತ್ತು. ಆ ಹೆಂಗಸು ಬೆರಳನ್ನು ಬಟ್ಟೆಗೂ ಕುತ್ತಿಗೆಗೂ ನಡುವೆ ತೂರಿಸಿ, ಕುಡುಗೋಲನ್ನು ಹೊರಮುಖವಾಗಿ ಹಿಡಿದು ಸರ್ರನೆ ಎಳೆದಳು. ಸಿಲ್ಕು ಹರಿದ ಸದ್ದಿನ ಹಿಂದೆಯೇ ಅಕ್ಕ ಉಸಿರೆಳೆದುಕೊಂಡ ಸದ್ದು ಬಂತು. ಅಂಥ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನಾನು ಬೈಕಿನ ಹ್ಯಾಂಡಲ್ ಹಿಡಿದುಕೊಂಡು ಹಾಗೇ ನಿಂತಿದ್ದೆ. ಕೈ ಬಿಡಲು ಬರುತ್ತಿರಲಿಲ್ಲ. ಆ ಹೆಂಗಸು ತನ್ನ ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಅಕ್ಕನ ಎದೆಯ ಮೇಲೆ ಹೊದಿಸಿದಳು. ರಸ್ತೆಯಲ್ಲಿ ಬರುತ್ತಿದ್ದ ಆಟೋ ನಿಲ್ಲಿಸಿದವಳೂ ಅವಳೇ. "ಎಕ್ಕು ಅಣ್ಣಾ, ನೀನು ಹತ್ತು!" ಎಂದು ನನ್ನ ಬೆನ್ನಿಗೆ ಒಂದು ಗುದ್ದಿದಳು. ಆಗ ಹ್ಯಾಂಡಲ್ ಬಿಟ್ಟೆ. ಬೈಕು ಮತ್ತೆ ಬಿತ್ತು.

ಅಕ್ಕನ ಬಲಗೈ ಮಣಿಕಟ್ಟು ಪುಡಿಯಾಗಿತ್ತು. ಹೆಗಲಿನ ಮೂಳೆಯೂ ಬಿರುಕು ಬಿಟ್ಟಿತ್ತು. ತಲೆಗೆ ಐದು ಹೊಲಿಗೆ ಬಿತ್ತು. ಕುತ್ತಿಗೆಯ ಸುತ್ತ ಒಂದು ಬೆರಳಗಲ ಕೆಂಪು ಬರೆ. ತೊಂಡೇಬಾವಿಯಿಂದ ಎರಡು ಬಸ್ಸು ಬದಲಾಯಿಸಿ ಭಾವ ಆಸ್ಪತ್ರೆಗೆ ಬಂದವರು, ಹೆದರಿಕೆಯಲ್ಲೋ ಏನೋ, ಮಂಚದ ಹತ್ತಿರ ನಿಂತು ಅವಳಿಗೇ ಬೈದರು. "ಸೆರಗು ಸೊಂಟಕ್ಕೆ ಸಿಕ್ಸ್ಕೊಂಡು ಕೂರಬೇಕು ಅಂತ ಗ್ಯಾನ ಇರಲ್ವಾ ನಿಂಗೆ?" ಅಕ್ಕ ಕ್ಷೀಣವಾಗಿ, "ನಂದೇ ತಪ್ಪು ಬಿಡಿ," ಎಂದಳು.

ನನಗೂ ಆಗ ಹಾಗೇ ಅನ್ನಿಸಿತ್ತು. ಇದನ್ನು ಯಾರು ನಂಬಿದರೂ ಬಿಟ್ಟರೂ ಸತ್ಯ. ಗಾರ್ಡಿನ ನೆನಪು ನನಗೆ ಬಂದಿರಲೇ ಇಲ್ಲ.

ಬಂದದ್ದು ಎರಡು ದಿನದ ಮೇಲೆ, ಮೆಕ್ಯಾನಿಕ್ಕಿನ ಅಂಗಡಿಯಲ್ಲಿ. ಯಾರೋ ಬೈಕನ್ನು ಅಲ್ಲಿಗೆ ಸಾಗಿಸಿದ್ದರು. ನನ್ನ ಬೈಕನ್ನು ಮೊದಲಿನಿಂದಲೂ ನೋಡಿಕೊಂಡು ಬಂದ ವಯಸ್ಸಾದ ಮೆಕ್ಯಾನಿಕ್ ಅವರು. ಹಿಂದಿನ ಚಕ್ರ ಬಿಚ್ಚಿ, ಇಕ್ಕಳದಲ್ಲಿ ಹಸಿರು ಎಳೆಗಳನ್ನು ಹಿಡಿದು ಹಿಡಿದು ಎಳೆಯುತ್ತಿದ್ದರು. ಗ್ರೀಸು ಮೆತ್ತಿದ ಜರಿಯ ಚೂರುಗಳು ಕಾಗದದ ಮೇಲೆ ಗುಡ್ಡೆಯಾಗಿದ್ದವು.

"ಸಾರ್, ಸೀರೆ ಗಾರ್ಡ್ ಎಲ್ಲಿ?" ಎಂದರು, ತಲೆ ಎತ್ತದೆ.

ಸಜ್ಜದ ಮೇಲಿನ ಪೇಪರಿನ ಸುತ್ತು ಕಣ್ಣಿಗೆ ಕಟ್ಟಿತು. ಅಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟೆ. ಆದರೂ ನಾಲಿಗೆ ತಾನಾಗಿ ಹೇಳಿತು: "ಬಿದ್ದಾಗ ಕಿತ್ತೋಯ್ತು ಅನ್ಸುತ್ತೆ."

ಅವರು ಬೋಲ್ಟಿನ ಜಾಗಕ್ಕೆ ಬೆರಳು ಇಟ್ಟು ಸವರಿ ನೋಡಿದರು. "ಕಿತ್ತೋಗಿದ್ರೆ ಇಲ್ಲಿ ತಗಡು ಸೀಳಿರ್ಬೇಕಿತ್ತು ಸಾರ್. ಇಲ್ಲೂ ನೀವು ಒಳ್ಳೆ ಪಾಲಿಶ್ ಹಾಕಿದೀರ." ಮತ್ತೆ ಎಳೆ ತೆಗೆಯುವುದನ್ನು ಮುಂದುವರಿಸಿದರು.

ಆ ಸಂಜೆಯೇ ಬೈಕನ್ನು ಮನೆಗೆ ತಂದು, ಸಜ್ಜದಿಂದ ಗಾರ್ಡ್ ಇಳಿಸಿ, ತುಕ್ಕು ಇದ್ದ ಹಾಗೇ, ಬೈಕಿಗೆ ಹಾಕಿದೆ. ಬೋಲ್ಟುಗಳನ್ನು ಬಿಗಿ ಮಾಡಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ಆಸ್ಪತ್ರೆಯಿಂದ ಅಕ್ಕ ನಮ್ಮ ಮನೆಗೇ ಬಂದಳು. ಒಂದೂವರೆ ತಿಂಗಳಿದ್ದಳು. ನನ್ನ ಹೆಂಡತಿ ಅವಳಿಗೆ ತಲೆ ಬಾಚಿ, ಊಟ ಕಲಸಿ ಕೊಡುತ್ತಿದ್ದಳು. ನೋಡಲು ಬಂದವರಿಗೆಲ್ಲ ಅಕ್ಕ ಅದೇ ಕಥೆ ಹೇಳುತ್ತಿದ್ದಳು. "ಗಾಳಿಗೆ ಸೆರಗು ಹಾರ್ತಿತ್ತು, ನಾನು ಮಾತಾಡೋ ಗ್ಯಾನದಲ್ಲಿದ್ದೆ. ಪಾಪ, ನನ್ ತಮ್ಮ ಎಷ್ಟು ನಿಧಾನಕ್ಕೆ ಓಡಿಸ್ತಿದ್ದ ಗೊತ್ತಾ? ನನ್ನಿಂದ ಅವ್ನಿಗೂ ಪೆಟ್ಟು." ಬಂದವರು ನನ್ನ ಕಡೆ ಕನಿಕರದಿಂದ ನೋಡುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಇವತ್ತು ಹೇಳಬೇಕು, ಪ್ಲಾಸ್ಟರ್ ತೆಗೆದ ಮೇಲೆ ಹೇಳಬೇಕು, ಭಾವ ಇಲ್ಲದಾಗ ಹೇಳಬೇಕು ಎಂದು ಮುಂದೂಡುತ್ತಲೇ ಹೋದೆ. ಬೈಕನ್ನು ಎತ್ತಿದ್ದು ಅಕ್ಕನಿಗಾಗಿಯೋ, ಪೆಟ್ರೋಲು ಹರಿದು ಟ್ಯಾಂಕಿನ ಪಾಲಿಶ್ ಹಾಳಾಗುತ್ತದೆಂದೋ? ಈ ಪ್ರಶ್ನೆ ಬಂದಾಗಲೆಲ್ಲ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದೆ.

ಪ್ಲಾಸ್ಟರ್ ತೆಗೆದ ವಾರ ಪಕ್ಕದ ಮನೆಯಾಕೆ ಹೊಸದಾಗಿ ಮದುವೆಯಾದ ಮಗಳನ್ನು ಕರೆದುಕೊಂಡು ಬಂದರು. ಅಕ್ಕ ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನೋಡಮ್ಮ, ನನ್ ಥರ ದಡ್ಡಿ ಆಗ್ಬೇಡ. ಬೈಕ್ ಹತ್ತೋ ಮುಂಚೆ ಸೆರಗು ನೋಡ್ಕೋ," ಎಂದು ತನ್ನ ಕುತ್ತಿಗೆಯ ಕಲೆ ತೋರಿಸಿದಳು. ಆ ಹುಡುಗಿ ಹೆದರಿ ತನ್ನ ಕುತ್ತಿಗೆ ಮುಟ್ಟಿಕೊಂಡಳು.

ಅವರು ಹೋದ ಕೂಡಲೇ ನಾನು ಹೇಳಿದೆ. ನಿಂತೇ ಹೇಳಿದೆ. "ಅಕ್ಕ, ಸೆರಗಿನ ತಪ್ಪಲ್ಲ. ಗಾಡೀಲಿ ಸೀರೆ ಗಾರ್ಡ್ ಇರ್ಲಿಲ್ಲ. ತೊಳೆಯೋಕೆ ಅಡ್ಡ ಬರುತ್ತೆ ಅಂತ ನಾನೇ ತೆಗ್ದಿಟ್ಟಿದ್ದೆ."

ಅಡುಗೆಮನೆಯಿಂದ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಹೊರಬಂದಳು. ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ.

"ಯಾವಾಗ ತೆಗ್ದಿದ್ದೆ?"

"ನೀನು ಬರೋಕೆ ಮೂರು ತಿಂಗ್ಳು ಮುಂಚೆ."

"ಮತ್ತೆ ಯಾಕೆ ಹಾಕ್ಲಿಲ್ಲ?"

"ಇಲ್ದಿದ್ರೆ ಚೆನ್ನಾಗಿ ಕಾಣ್ತಿತ್ತು."

ಹೀಗೆ ಬಾಯಿಬಿಟ್ಟು ಹೇಳಿದಾಗ ನನ್ನ ಮಾತು ನನಗೇ ಬಡಿದಂತಾಯಿತು. ಅಕ್ಕ ಬೈಯಲಿಲ್ಲ. ಅವಳು ಬೈದಿದ್ದರೆ ನಾನು ಕಾಲು ಹಿಡಿಯಬಹುದಿತ್ತು. ತನ್ನ ಸೊರಗಿದ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ತೆಗ್ದಿದ್ದು ಹೋಗ್ಲಿ ಕಣೋ. ಮನುಷ್ಯ ಮರೀತಾನೆ. ಆಸ್ಪತ್ರೇಲಿ ನಿಮ್ ಭಾವ ನಂಗೆ ಬೈದಾಗ ನೀನಲ್ಲೇ ಇದ್ದೆ."

"ಆಗ ನಂಗೆ ಹೊಳೆದಿರ್ಲಿಲ್ಲಕ್ಕ..."

"ಆಮೇಲೆ ಹೊಳೀತಲ್ಲ? ಬಂದೋರ್ಗೆಲ್ಲ ನಂದೇ ತಪ್ಪು, ನಂದೇ ತಪ್ಪು ಅಂತ ಹೇಳ್ತಿದ್ದೆ. ನೀನು ಪಕ್ಕದಲ್ಲೇ ಕೂತು ಕಾಫಿ ಕುಡೀತಿದ್ಯಲ್ಲೋ."

ನನ್ನ ಹೆಂಡತಿ ಸೌಟನ್ನು ಟೀವಿಯ ಮೇಲಿಟ್ಟು ಅಳತೊಡಗಿದಳು.

ಮಾರನೆಯ ದಿನ ಅಕ್ಕ ಹೊರಟಳು. ಇನ್ನೂ ಹದಿನೈದು ದಿನ ಇರಬೇಕೆಂದಿದ್ದವಳು. ಬ್ಯಾಗನ್ನು ನನ್ನ ಕೈಗೆ ಕೊಡದೆ ನನ್ನ ಹೆಂಡತಿಯ ಕೈಗೆ ಕೊಟ್ಟಳು. ಚಿಕ್ಕಬಳ್ಳಾಪುರದ ಬಸ್ಸು ಬರುವವರೆಗೂ ಅವರಿಬ್ಬರು ಒಂದು ಬೆಂಚಿನಲ್ಲಿ ಕೂತಿದ್ದರು, ನಾನು ಕಂಬದ ಹತ್ತಿರ ನಿಂತಿದ್ದೆ. ಅದೇ ಮಧ್ಯಾಹ್ನ ಭಾವನಿಗೆ ಫೋನ್ ಮಾಡಿ ನಾನೇ ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೂ ಕೇಳಿ ಫೋನ್ ಇಟ್ಟರು. ಪಕ್ಕದ ಮನೆಗೂ ಹೋಗಿ ಆ ಹುಡುಗಿಗೆ ಹೇಳಿದೆ. ಅವಳ ಗಂಡನ ಬೈಕನ್ನು ಬಗ್ಗಿ ನೋಡಿದರೆ ಅದಕ್ಕೂ ಗಾರ್ಡ್ ಇರಲಿಲ್ಲ. ನಾನು ಗಾಬರಿಯಿಂದ ಜೋರು ಮಾಡಿದೆನಂತೆ. ಆ ದಿನವೇ ಅವರು ಹಾಕಿಸಿದರು.

ಐದು ತಿಂಗಳು ಅಕ್ಕ ನನ್ನ ಫೋನ್ ಎತ್ತಲಿಲ್ಲ. ನನ್ನ ಹೆಂಡತಿಯೊಡನೆ ಮಾತ್ರ ಮಾತಾಡುತ್ತಿದ್ದಳು. ಶಾಲೆಯಲ್ಲಿ ದೊಡ್ಡ ಪಾತ್ರೆ ಇಳಿಸಲು ಆಗುತ್ತಿಲ್ಲವೆಂದೂ, ಜೊತೆಯ ಅಡುಗೆಯಾಕೆ ಇಳಿಸುತ್ತಾಳೆಂದೂ, ತಾನು ತರಕಾರಿ ಹೆಚ್ಚುತ್ತೇನೆಂದೂ ಹೇಳಿದ್ದಳಂತೆ. ಈಗ ಭಾನುವಾರ ಬೈಕನ್ನು ಹೊರಗೆ ತಂದರೆ ಮೊದಲು ಬ್ರೇಕು, ಟೈರು, ನಟ್ಟು ಬೋಲ್ಟು ನೋಡುತ್ತೇನೆ. ನೀರು ಹಾಕುವುದು ಆಮೇಲೆ. ಪಾಲಿಶ್ ಡಬ್ಬಿ ಒಣಗಿ ಗಟ್ಟಿಯಾಗಿದೆ.

ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಬಸ್ಸಿನಲ್ಲೇ ತೊಂಡೇಬಾವಿಗೆ ಹೋದೆ. ತವರಿನಿಂದ ಹೋಗಬೇಕಾದವನು ನಾನೊಬ್ಬನೇ. ಬಾಗಿಲಲ್ಲಿ ಭಾವ ನೋಡಿದರು. "ಬಾರಪ್ಪ," ಎಂದು ಒಳಗೆ ಹೋದರು. ಅಕ್ಕ ಬಾಗಿನ ತೆಗೆದುಕೊಂಡಳು. ಬಳೆಗಳನ್ನು ಮುಟ್ಟಿ ನೋಡಿ, "ಬಲಗೈಗೆ ಇದು ಏರಲ್ಲ ಕಣೋ, ಮೂಳೆ ದಪ್ಪ ಆಗೈತೆ. ಮುಂದಿನ ಸಲ ಒಂದಳತೆ ದೊಡ್ಡದು ತಾ," ಎಂದಳು. ಮುಂದಿನ ಸಲ ಎಂಬ ಮಾತು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ.

ಊಟಕ್ಕೆ ಎಲೆ ಹಾಕಿದರು. ಒಬ್ಬಟ್ಟು ಬಡಿಸಲು ಬಂದ ಅಕ್ಕ ಕ್ಷಣ ಹಿಂಜರಿದು ನಿಂತಳು. "ಬಲಗೈ ಹಿಡಿತ ಇನ್ನೂ ಬಂದಿಲ್ಲ. ಎಡಗೈಲಿ ಬಡಿಸ್ತೀನಿ, ಬೇಜಾರ್ ಮಾಡ್ಕೋಬೇಡ," ಎಂದಳು.

ನಾನು ಎರಡೂ ಕೈ ಮುಂದೆ ಚಾಚಿದೆ.

"ಕೈಗಲ್ವೋ, ಎಲೆಗೆ," ಎಂದು ಅವಳು ಗದರಿದಳು.