ದೊಡ್ಡಮ್ಮನಿಗೆ ಇಂಗ್ಲಿಷ್ ಹುಡುಕಿದವರು

ಕೋವಿಡ್ ಕಳೆದು ವಿಮಾನಗಳು ಮತ್ತೆ ತುಂಬತೊಡಗಿದ ವರ್ಷ ನಾನು ಕೊಚ್ಚಿಯ ಒಂದು ವೀಸಾ ಅರ್ಜಿ ಕೇಂದ್ರದಲ್ಲಿ ದಾಖಲೆ ಪರಿಶೀಲನೆಯ ಮೇಲ್ವಿಚಾರಕಿಯಾಗಿದ್ದೆ. ಹುಟ್ಟೂರು ಪುತ್ತೂರು. ಗಂಡನ ಬ್ಯಾಂಕ್ ವರ್ಗಾವಣೆ ನನ್ನನ್ನು ಅಲ್ಲಿಗೆ ತಂದು ಹಾಕಿತ್ತು. ವೀಸಾ ಕೊಡುವುದು, ಬಿಡುವುದು ದೂತಾವಾಸಕ್ಕೆ ಸೇರಿದ್ದು. ಅರ್ಜಿ ತೆಗೆದುಕೊಂಡು, ಕಾಗದ ಸರಿಯಿದೆಯೇ ಎಂದು ನೋಡಿ, ದೆಹಲಿಗೆ ಕಳಿಸುವುದಷ್ಟೇ ನಮ್ಮ ಕೆಲಸ. ಹನ್ನೊಂದು ವರ್ಷ ಅದನ್ನು ಮಾಡಿದ ಮೇಲೆ, ಓದು ಬರಹ ಬಲ್ಲವರ ಬಗ್ಗೆ ನನಗೆ ಉಳಿದಿದ್ದ ಗೌರವ ಅಷ್ಟಕ್ಕಷ್ಟೇ.

ಮಕ್ಕಳ ಅರ್ಜಿ ಬಂದರಂತೂ ಈ ಜನರ ಬಣ್ಣ ಚೆನ್ನಾಗಿ ಬಯಲಾಗುತ್ತದೆ. ಹದಿನೆಂಟು ತುಂಬದ ಮಗು ತಂದೆ ತಾಯಿಯನ್ನು ಬಿಟ್ಟು ಬೇರೆಯವರ ಜೊತೆ ವಿದೇಶಕ್ಕೆ ಹೊರಟರೆ ಇಬ್ಬರ ಒಪ್ಪಿಗೆ ಪತ್ರವೂ ಬೇಕು. ಮಗು ಯಾರ ಜೊತೆ ಹೋಗುತ್ತದೆ, ಅವರು ಮಗುವಿಗೆ ಏನಾಗಬೇಕು ಎಂದು ಬರೆದು, ನೋಟರಿಯ ಮುಂದೆ ಸಹಿ ಮಾಡಿ, ಮೂಲಪ್ರತಿಯನ್ನೇ ಕೊಡಬೇಕು. ಮಕ್ಕಳನ್ನು ಕದ್ದು ಸಾಗಿಸುವವರು ಇರುವ ಕಾಲದಲ್ಲಿ ಇದು ಅತಿಯೇನಲ್ಲ. ಆದರೆ ಹೋಟೆಲ್ ಬುಕಿಂಗನ್ನು ಬಣ್ಣದ ಪ್ರಿಂಟ್ ತೆಗೆಸಿ ಫೈಲಿಗೆ ಹಾಕುವ ಅಪ್ಪಂದಿರಿಗೆ ಈ ಒಂದು ಪುಟ ಓದಲು ಪುರುಸೊತ್ತಿರುವುದಿಲ್ಲ.

ಅಂಥವರಲ್ಲಿ ಒಬ್ಬರು ರಘುನಂದನ್. ಮೈಸೂರಿನವರು, ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ದೊಡ್ಡ ಹುದ್ದೆ, ಪಟ್ಟಂನಲ್ಲಿ ಫ್ಲ್ಯಾಟು. ಹೆಂಡತಿ ಸುಮಾ ಯುರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಹೋಗಿದ್ದರು, ಅವರಿಗೆ ಅಲ್ಲಿ ಗಂಟಲಿನ ಕ್ಯಾನ್ಸರ್ ಪತ್ತೆಯಾಗಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮೊದಲಿನ ಹಾಗೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಮೊದಲು ಎಂಟು ವರ್ಷದ ಮಗಳು ನಿಧಿಯ ಜೊತೆ ಕೆಲವು ದಿನ ಕೂತು ಮಾತಾಡಬೇಕು ಎನ್ನುವುದೊಂದೇ ಸುಮಾ ಅವರ ಆಸೆ. ರಘುನಂದನ್ ಅವರಿಗೆ ರಜೆ ಸಿಕ್ಕಿದ್ದು ಆಪರೇಷನ್ನಿನ ಹಿಂದಿನ ದಿನದಿಂದ. ಹಾಗಾಗಿ ಮಗುವನ್ನು ಮೊದಲೇ ಕರೆದುಕೊಂಡು ಹೋಗಲು ಸುಮಾ ಅವರ ಅಕ್ಕ ವಿಮಲಾ ಒಪ್ಪಿದ್ದರು.

ವಿಮಲಾ ಮತ್ತು ನಿಧಿ ಹಿಂದಿನ ಸಂಜೆ ತಿರುವನಂತಪುರದ ತಂಪಾನೂರಿನಲ್ಲಿ ರೈಲು ಹತ್ತಿ ಬಂದು, ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಕೌಂಟರಿನ ಮುಂದಿದ್ದರು. ಆಪರೇಷನ್ನಿಗೆ ಇಪ್ಪತ್ತೊಂಬತ್ತು ದಿನ ಇತ್ತು. ವೀಸಾ ಬರಲು ಮೂರು ವಾರ. ಅಂದು ಅರ್ಜಿ ಹೋದರೆ ತಾಯಿ ಮಗಳಿಗೆ ಒಂದು ವಾರ ಸಿಗುತ್ತಿತ್ತು. ಮುಂದಿನ ಅಪಾಯಿಂಟ್‌ಮೆಂಟ್ ಖಾಲಿ ಇದ್ದದ್ದು ಹನ್ನೆರಡು ದಿನದ ಮೇಲೆ.

ಕೌಂಟರಿನಲ್ಲಿದ್ದ ಜಿಷಾ ಫೈಲು ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಆಲುವಾದ ಹುಡುಗಿ, ಕಣ್ಣು ಚುರುಕು. ತಂದೆಯ ಒಪ್ಪಿಗೆ ಪತ್ರದಲ್ಲಿ ವಿಮಲಾ ಮಗುವಿನ 'ಸ್ಟೆಪ್ ಮದರ್' ಎಂದಿತ್ತು. ಸುಮಾ ಕಳಿಸಿದ ಪತ್ರದಲ್ಲಿ 'ನನ್ನ ಅಕ್ಕ' ಎಂದಿತ್ತು. ಒಬ್ಬಳೇ ಹೆಂಗಸು ಮಗುವಿಗೆ ಮಲತಾಯಿ, ತಾಯಿಗೆ ಅಕ್ಕ. ಇದನ್ನು ದೆಹಲಿಗೆ ಕಳಿಸಿದರೆ ಎರಡು ಸಾಲಿನ ನಿರಾಕರಣೆ ಬರುವುದು ಖಂಡಿತ.

"ಮೋಳೇ, ಇದಾರಾ?" ಇವರು ಯಾರು ಎಂದು ಜಿಷಾ ಮಲಯಾಳದಲ್ಲಿ ಮಗುವನ್ನು ಕೇಳಿದಳು.

"ಎಂಡೆ ವಲ್ಯಮ್ಮ" ಎಂದಿತು ಮಗು.

ಜಿಷಾ ನಕ್ಕುಬಿಟ್ಟಳು. ಕನ್ನಡದ ದೊಡ್ಡಮ್ಮ ಮಲಯಾಳದಲ್ಲಿ ವಲ್ಯಮ್ಮ. ಶಬ್ದಕ್ಕೆ ಶಬ್ದ ಒಂದೇ. ಕೇರಳದ ಯಾವ ಆಟೋದವನಿಗೆ ಹೇಳಿದರೂ ತಿಳಿಯುತ್ತಿತ್ತು. ಆದರೆ ರಘುನಂದನ್ ತಂಪಾನೂರಿನ ಟ್ರಾವೆಲ್ ಏಜೆಂಟನಿಗೆ ಫೋನಿನಲ್ಲಿ ಇಂಗ್ಲಿಷಿನಲ್ಲೇ ಅಪ್ಪಣೆ ಕೊಟ್ಟಿದ್ದರು: 'ಹರ್ ಎಲ್ಡರ್ ಮದರ್.' ಮಗುವಿಗೆ ತಾಯಿ ಒಬ್ಬಳು, ಹಿರಿಯ ತಾಯಿ ಇನ್ನೊಬ್ಬಳು ಎಂದರೆ ಇವರಿಗೆ ಇಬ್ಬರು ಹೆಂಡಿರು ಎಂದು ಆ ಮಹಾಶಯ ಊಹಿಸಿ, ಮರ್ಯಾದೆಯಾಗಿ 'ಸ್ಟೆಪ್ ಮದರ್' ಎಂದು ತಿದ್ದಿದ. ರಘುನಂದನ್ ಸಹಿ ಹಾಕಿದರು. ನೋಟರಿ ಸೀಲು ಒತ್ತಿದ. ಮೂವರು ಪದವೀಧರರ ಕೈ ದಾಟಿ ಬಂದ ಆ ಹಾಳೆಯನ್ನು ಒಬ್ಬನೂ ಓದಿರಲಿಲ್ಲ.

ವಿಮಲಾ ಪತ್ರ ನೋಡಿ ಬಿಳಿಚಿಕೊಂಡರು. "ಅಯ್ಯೋ, ನನ್ನ ತಂಗಿ ಗಂಡನಿಗೇ ನನ್ನನ್ನ ಕಟ್ಟಿಬಿಟ್ಟಿದಾರಲ್ಲ ಮೇಡಂ" ಎಂದರು. ನಗಬೇಕೋ ಅಳಬೇಕೋ ಅವರಿಗೂ ಗೊತ್ತಾಗಲಿಲ್ಲ.

ಒಂಬತ್ತೂಕಾಲಿಗೆ ನಾನೇ ರಘುನಂದನ್ ಅವರಿಗೆ ಫೋನ್ ಮಾಡಿದೆ. ಬೇರೆ ಪತ್ರ ಮಾಡಿಸಿ, ಮಧ್ಯಾಹ್ನ ನಾಲ್ಕೂವರೆಯೊಳಗೆ ಮೂಲಪ್ರತಿ ತಲುಪಿಸಬೇಕು, ಅಲ್ಲಿಯವರೆಗೆ ಅಪಾಯಿಂಟ್‌ಮೆಂಟ್ ಹಿಡಿದಿಡಲು ಮ್ಯಾನೇಜರ್ ಒಪ್ಪಿದ್ದಾರೆ ಎಂದೆ. ನೀವೇ ತನ್ನಿ ಎಂದೂ ಹೇಳಿದೆ.

"ಹತ್ತೂವರೆಗೆ ರಿವ್ಯೂ ಮೀಟಿಂಗ್ ಇದೆ. ಡ್ರೈವರ್ ಹತ್ರ ಕಳಿಸ್ತೀನಿ" ಎಂದರು.

"ಆಯ್ತು. ಬರೆದುಕೊಳ್ಳಿ, ಮಗುವಿನ ತಾಯಿಯ ಅಕ್ಕ ಅಂತ ಬರಬೇಕು. ಮೆಟರ್ನಲ್ ಆಂಟ್. ಸ್ಪೆಲಿಂಗ್ ಹೇಳ್ತೇನೆ."

"ನನಗೆ ಇಂಗ್ಲಿಷ್ ಬರುತ್ತೆ ಮೇಡಂ. ನನ್ನ ಮಟ್ಟದಲ್ಲಿ ಪ್ರತಿ ಕಾಗದ ಕೂತು ಓದೋಕಾಗುತ್ತಾ? ಏಜೆಂಟ್‌ಗೆ ಹೇಳ್ತೀನಿ, ಸರಿ ಮಾಡ್ತಾನೆ."

ಮೈ ಉರಿದುಹೋಯಿತು. "ಎಂತ ಬೇಕಾದ್ರೂ ಮಾಡಿ ಮಾರಾಯ್ರೆ" ಎಂದು ಫೋನ್ ಕುಕ್ಕಿದೆ. ಸಹಿಗೆ ಮೊದಲು ಪತ್ರದ ಫೋಟೋ ಕಳಿಸಿ ಎಂದು ಹೇಳುವುದು ನನ್ನ ದಿನನಿತ್ಯದ ರೂಢಿ. ಅಂದು ಹೇಳಲಿಲ್ಲ. ಆ ಮನುಷ್ಯನ ಜೊತೆ ಇನ್ನೊಂದು ಮಾತಾಡುವುದೂ ನನಗೆ ಅಸಹ್ಯವಾಗಿತ್ತು.

ಅವರಿಬ್ಬರೂ ಇಡೀ ದಿನ ನಮ್ಮ ಕುರ್ಚಿಗಳಲ್ಲಿ ಕೂತರು. ವಿಮಲಾ ಕನ್ನಡದಲ್ಲಿ ಕೇಳಿದರೆ ನಿಧಿ ಮಲಯಾಳದಲ್ಲಿ ಉತ್ತರ ಕೊಡುತ್ತಿತ್ತು. ಮಧ್ಯಾಹ್ನ ತಾಯಿಯ ಫೋನ್ ಬಂದಾಗ ಮಾತ್ರ ಅದರ ಬಾಯಲ್ಲಿ ಕನ್ನಡ ಬಂತು. "ಅಮ್ಮಾ, ನಾನು ಬಂದ್ಮೇಲೆ ನಿಂಗೆ ನನ್ ಹೊಸ ಡ್ಯಾನ್ಸ್ ತೋರಿಸ್ತೀನಿ, ನೀನು ಹಾಡ್ಬೇಕು" ಎನ್ನುತ್ತಿತ್ತು. ಆ ಕಡೆಯ ಧ್ವನಿ ಆಗಲೇ ಒಡೆದಿತ್ತು, ಪಕ್ಕದಲ್ಲಿದ್ದ ನನಗೂ ಕೇಳಿಸಿತು.

ನಾಲ್ಕೂ ಇಪ್ಪತ್ತಕ್ಕೆ ಡ್ರೈವರ್ ಓಡಿ ಬಂದ. ಪಾಪ, ಐದು ಗಂಟೆಯ ದಾರಿ, ಊಟವನ್ನೂ ಮಾಡಿರಲಿಲ್ಲ. ಲಕೋಟೆ ಒಡೆದೆ. ಹೊಸ ಸಹಿ, ಹೊಸ ಸೀಲು. 'ಸ್ಟೆಪ್' ಎಂಬುದು ತಪ್ಪು ಎಂದು ಸಾಹೇಬರು ಹೇಳಿದ್ದರಂತೆ. ಏಜೆಂಟ್ ವಿಧೇಯನಾಗಿ ಆ ಒಂದು ಶಬ್ದ ಕಿತ್ತು ಹಾಕಿದ್ದ. ಪತ್ರದ ಪ್ರಕಾರ ಈಗ ವಿಮಲಾ ನಿಧಿಯ ಹೆತ್ತ ತಾಯಿ, ಮಗುವನ್ನು ಕರೆದುಕೊಂಡು ಅದರ ಇನ್ನೊಬ್ಬ ಹೆತ್ತ ತಾಯಿಯನ್ನು ನೋಡಲು ಹೊರಟಿದ್ದರು.

ಹತ್ತು ನಿಮಿಷದಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ತುರ್ತು ಎಂದು ದೂತಾವಾಸಕ್ಕೆ ಇಮೇಲ್ ಬರೆದೆ. 'ನಿಮ್ಮ ವಿಷಯವನ್ನು ಗಮನಿಸಲಾಗಿದೆ' ಎಂಬ ಉತ್ತರ ಬಂತು, ಮತ್ತೇನೂ ಬರಲಿಲ್ಲ. ಹನ್ನೆರಡು ದಿನದ ಮೇಲೆ ಅವರು ಪುನಃ ಬಂದರು, ಈ ಸಲ ರಘುನಂದನ್ ಕೂಡ ಇದ್ದರು. ಪತ್ರವನ್ನು ಅವರ ಕೈಗೇ ಕೊಟ್ಟು, ಗಟ್ಟಿಯಾಗಿ ಓದಿ ಎಂದೆ. ಸರದಿಯಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಶಾಲೆ ಹುಡುಗನ ಹಾಗೆ ಓದಿದರು. ನನಗೆ ಅದರಿಂದ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಮಗುವಿಗೆ ಅದರಿಂದ ಏನೂ ಸಿಗಲಿಲ್ಲ. ವೀಸಾ ಬಂದಾಗ ಆಪರೇಷನ್ ಆಗಿ ನಾಲ್ಕು ದಿನ ಕಳೆದಿತ್ತು.

ಎರಡು ತಿಂಗಳ ಮೇಲೆ ವಿಮಲಾ ಫೋನ್ ಮಾಡಿದರು. ಸುಮಾ ಚೇತರಿಸಿಕೊಳ್ಳುತ್ತಿದ್ದಾರೆ ಎಂದರು. ಆಮೇಲೆ ಹೇಳಿದರು: "ಮಗೂನ ನೋಡಿದ ತಕ್ಷಣ ಸ್ಲೇಟ್ ತಗೊಂಡು ಕನ್ನಡದಲ್ಲಿ ಬರೆದು ತೋರಿಸಿದಳು ಮೇಡಂ. ಮಗೂಗೆ ಕನ್ನಡ ಮಾತಾಡೋಕೆ ಬರುತ್ತೆ ಅಷ್ಟೇ, ಓದೋಕೆಲ್ಲಿ ಬರುತ್ತೆ? ನನ್ನ ಮುಖ ನೋಡ್ತು. ಸುಮಾ ಅಳಿಸಿ ಇಂಗ್ಲಿಷಲ್ಲಿ ಬರೆದಳು. ಈಗ ಎಲ್ಲಾ ಇಂಗ್ಲಿಷಲ್ಲೇ."

ಆಮೇಲೆ ನಾನು ಕೆಲಸದಲ್ಲಿ ಇದ್ದಷ್ಟು ಕಾಲ, ಒಪ್ಪಿಗೆ ಪತ್ರವನ್ನು ಗಟ್ಟಿಯಾಗಿ ಓದದ ಯಾವ ತಂದೆ ತಾಯಿಯ ಅರ್ಜಿಯನ್ನೂ ಮುಟ್ಟಲಿಲ್ಲ. ಇನ್ನೊಂದು ಪಾಠವನ್ನು ಹೊಸಬರಿಗೆ ನಾನು ಕೊಟ್ಟ ಯಾವ ಟ್ರೇನಿಂಗಿನಲ್ಲೂ ಹೇಳಿಕೊಡಲಿಲ್ಲ, ಹೇಳಲು ನಾಚಿಕೆಯಾಗುತ್ತಿತ್ತು. ಎದುರಿನವನು ಎಷ್ಟೇ ಕೀಳು ಮನುಷ್ಯನಾಗಿರಲಿ, ಹೇಳಬೇಕಾದ ಕೊನೆಯ ಮಾತು ಹೇಳಿ ಮುಗಿಸುವವರೆಗೆ ಫೋನ್ ಇಡಬಾರದು. ಓದದೆ ಸಹಿ ಹಾಕಿದ ರಘುನಂದನ್ ಬಗ್ಗೆ ನನಗೆ ಈಗಲೂ ತಿರಸ್ಕಾರವೇ. ಅಂದು ಬೆಳಿಗ್ಗೆ ಫೋನ್ ಕುಕ್ಕಿದವಳ ಬಗ್ಗೆಯೂ ಅಷ್ಟೇ.