ಟೇಪಿನಿಂದ ಒಂದು ಹೆಜ್ಜೆ ಆಚೆ

ಶಿಯೊಮಿ ಕನಾಯೆಸಾನ್‌ಗೆ ಸ್ವರಜ್ಞಾನ ಬಂದದ್ದು ಮೀನಿನಿಂದ. ಯಾಯಿಝು ಬಂದರಿನ ಹಿಂದಿನ ಬೀದಿಯಲ್ಲಿ, ಕತ್ಸುವೊ ಮೀನನ್ನು ಹೊಗೆಯಲ್ಲಿ ಒಣಗಿಸುವ ಕಾರ್ಖಾನೆಯಲ್ಲಿ ಅವರ ತಾಯಿ ತಮಿಯೆ ಕೆಲಸಕ್ಕಿದ್ದರು. ತಿಂಗಳುಗಟ್ಟಲೆ ಒಣಗಿ ಕಟ್ಟಿಗೆಯಂತಾದ ತುಂಡುಗಳನ್ನು ಎರಡೆರಡಾಗಿ ಹಿಡಿದು ಒಂದಕ್ಕೊಂದು ತಟ್ಟಿ ನೋಡುವುದು ಅಲ್ಲಿ ಅವರ ಪಾಲಿನ ಕೆಲಸ. ಒಳಗೆ ಹಸಿ ಉಳಿದಿದ್ದರೆ ಸದ್ದು ಮಂಕಾಗಿ ಬರುತ್ತದೆ. ಪೂರ್ತಿ ಒಣಗಿದ್ದರೆ ಕಿಣ್ ಎನ್ನುತ್ತದೆ. ಶಾಲೆ ಬಿಟ್ಟು ಬಂದ ಹುಡುಗಿ ಅಮ್ಮನ ಬೆನ್ನಿಗೆ ಬೆನ್ನು ಕೊಟ್ಟು ಕೂತು, ತಿರುಗಿ ನೋಡದೆ, ಯಾವುದು ಹಸಿ ಯಾವುದು ಒಣಗಿದ್ದು ಎಂದು ಹೇಳುತ್ತಿದ್ದಳಂತೆ. ಒಂದು ಸಲವೂ ತಪ್ಪಲಿಲ್ಲವಂತೆ.

ಆ ಕಿವಿಯನ್ನೂ ಒಂದು ಸೂಟ್‌ಕೇಸನ್ನೂ ಹಿಡಿದುಕೊಂಡು ಅವರು ಟೋಕಿಯೊಗೆ ಬಂದರು. ನೂಡಲ್ಸ್ ಅಂಗಡಿಯಲ್ಲಿ ಬಟ್ಟಲು ತೊಳೆಯುತ್ತ ಹಾಡು ಕಲಿತು, ಇಪ್ಪತ್ತಮೂರರಲ್ಲಿ ನಮ್ಮ ಸಂಗೀತ ನಾಟಕದ ತಂಡ ಸೇರಿದರು. ನಾನು ಸೇರುವಾಗ ಅವರಿಗೆ ನಲವತ್ತಾರು. ಹಿಂದಿನ ಸಾಲಿನ ನಾವು ಆರು ಜನ ಹೆಂಗಸರಿಗೆ ಒಂದೇ ಕೋಣೆ, ಒಂದೇ ಉದ್ದದ ಕನ್ನಡಿ. ಅದರಲ್ಲಿ ನನ್ನ ಮುಖದ ಪಕ್ಕ ಅವರ ಮುಖ.

ಮುಖ್ಯ ಪಾತ್ರಕ್ಕೆ ಬರುವವರು ಸಾಮಾನ್ಯವಾಗಿ ಟಿವಿಯಲ್ಲಿ ಬಿಡುವಿಲ್ಲದವರು. ತಾಲೀಮಿನ ಮೊದಲ ವಾರಗಳಲ್ಲಿ ಅವರು ಸಿಗುವುದಿಲ್ಲ. ಆ ಜಾಗದಲ್ಲಿ ನಿಂತು, ಅವರ ಮಾತು ಆಡಿ, ಅವರ ಹಾಡು ಹಾಡಿ, ಉಳಿದವರ ತಾಲೀಮು ನಿಲ್ಲದಂತೆ ನೋಡಿಕೊಳ್ಳಲು ಒಬ್ಬರು ಬೇಕು. ಇಪ್ಪತ್ತಮೂರು ವರ್ಷ ಆ ಒಬ್ಬರು ಕನಾಯೆಸಾನ್. ರಾಣಿಯಾದರು, ಕಳ್ಳಿಯಾದರು, ಸನ್ಯಾಸಿನಿಯಾದರು, ಒಮ್ಮೆ ಕುದುರೆಯೂ ಆದರು. ತಾರೆ ಬಂದ ದಿನ ಹಿಂದಿನ ಸಾಲಿಗೆ ಹೋದರು. ತೆರೆ ಎದ್ದಾಗ ಅವರ ಪಾಲಿಗೆ ಉಳಿಯುತ್ತಿದ್ದದ್ದು ಒಂದೋ ಎರಡೋ ಮಾತು.

ಅವರಿಗೊಂದು ಅಭ್ಯಾಸವಿತ್ತು. ತಾಲೀಮಿನ ನೆಲದ ಮೇಲೆ, ಆಮೇಲೆ ರಂಗದ ಮೇಲೂ, ಯಾರು ಎಲ್ಲಿ ನಿಲ್ಲಬೇಕೆಂದು ಬಣ್ಣದ ಟೇಪು ಅಂಟಿಸಿರುತ್ತಾರೆ. ಮುಖ್ಯ ಪಾತ್ರದ್ದು ಕೆಂಪು. ಹಾಡು ಮುಗಿದ ಕೂಡಲೇ ಕನಾಯೆಸಾನ್ ಕೆಂಪು ಟೇಪಿನಿಂದ ಒಂದು ಹೆಜ್ಜೆ ಎಡಕ್ಕೆ ಸರಿದು, ತಲೆ ಬಾಗಿಸಿ ನಿಲ್ಲುತ್ತಿದ್ದರು. ಒಮ್ಮೆ ಯಾಕೆಂದು ಕೇಳಿದೆ.

"ಎರವಲು ತಂದ ಪಾತ್ರೆ ತೊಳ್ದು ಕೊಡಲ್ವಾ? ಹಂಗೆ," ಎಂದರು.

ನಾನು ಸೇರಿದ ಆ ವರ್ಷದ ನಾಟಕ ಒಂದು ಹಳೆಯ ಊರಿನ ಸಾರ್ವಜನಿಕ ಸ್ನಾನದಮನೆಯ ಕತೆ. ಅದರ ಒಡತಿ ಒಕಿಯೊ. ಆ ಪಾತ್ರಕ್ಕೆ ಟಿವಿ ತಾರೆ ಅಸಾಗಿರಿ ಶುಕಾ ಬರಬೇಕಿತ್ತು. ಬರುವುದು ಇಪ್ಪತ್ತೇಳು ದಿನ ತಡವಾಯಿತು. ಆ ದಿನಗಳಲ್ಲಿ ಒಂದು ಬೆಳಿಗ್ಗೆ ತಮಿಯೆಯವರ ಫೋನ್ ಬಂತು.

"ಈ ಸಲ ಏನೇ ಮಾಡ್ತಿದೀಯ?"

"ಒಕಿಯೊ ಮಾಡ್ತಿದೀನಿ ಅಮ್ಮಾ," ಎಂದರು ಕನಾಯೆಸಾನ್, ಕೂದಲಿಗೆ ಪಿನ್ನು ಚುಚ್ಚುತ್ತ. ನಾವೆಲ್ಲ ಹಾಗೇ ಹೇಳುವುದು. ನಮ್ಮ ಕೋಣೆಯಲ್ಲಿ ಆ ಮಾತಿಗೆ ಒಂದೇ ಅರ್ಥ: ತಾರೆ ಬರುವ ತನಕ ತಾಲೀಮಿನಲ್ಲಿ ಆ ಜಾಗದಲ್ಲಿ ನಿಲ್ಲುತ್ತಿದ್ದೇನೆ ಎಂದು.

ಊರೂರು ತಿರುಗುವ ಪ್ರದರ್ಶನಗಳ ಪಟ್ಟಿ ಹೊರಬಂದಾಗ ಅದರಲ್ಲಿ ಯಾಯಿಝು ಇತ್ತು. ಮತ್ತೆ ಫೋನ್. ಕನಾಯೆಸಾನ್ ಕೈಯಲ್ಲಿ ಬಣ್ಣವಿದ್ದದ್ದರಿಂದ ಸ್ಪೀಕರಿನಲ್ಲಿ ನಾವು ಆರೂ ಜನ ಕೇಳಿದೆವು.

"ಅರವತ್ತಮೂರು ಟಿಕೆಟ್ ಕಣೇ! ಮೂರನೇ ಸಾಲಿಂದ ಐದನೇ ಸಾಲಿನ ತನಕ ನಮ್ ಕಾರ್ಖಾನೆ ಹೆಂಗಸ್ರೇ. ಮೇಸ್ತ್ರಿ ಹೆಂಡ್ತಿ ಕಿಮೊನೊ ಇಸ್ತ್ರಿಗೆ ಕೊಟ್ಟಾಯ್ತು. 'ನಿನ್ ಮಗಳು ಹಿಂದೆ ನಿಲ್ಲೋಳು' ಅಂತ ಇಪ್ಪತ್ತು ವರ್ಷ ಆಡ್ಕೊಂಡ್ಲಲ್ಲ, ಅವಳು ನನ್ ಪಕ್ಕದಲ್ಲೇ ಕೂರ್ತಾಳೆ. ನಾನೇ ಕೂರಿಸ್ತೀನಿ!"

ಫೋನ್ ಇಟ್ಟ ಮೇಲೆ ಕನ್ನಡಿಯಲ್ಲಿ ಕನಾಯೆಸಾನ್ ಮುಖ ಬೆಳ್ಳಗಿತ್ತು. ಅದು ಬಣ್ಣದ ಬಿಳುಪಲ್ಲ.

"ಹೇಳ್ಬಿಡಿ," ಎಂದೆ.

"ನಾಳೆ ಹೇಳ್ತೀನಿ."

ಹನ್ನೊಂದು ದಿನ ಅದೇ ನಾಳೆ. ಅಷ್ಟರಲ್ಲಿ ನಿರ್ದೇಶಕ ಕುಸುಮಿ ಕೋಣೆಯ ಬಾಗಿಲಲ್ಲಿ ಇಣುಕಿ ಇನ್ನೊಂದನ್ನು ನೆನಪಿಸಿದರು. ಹೋದ ಊರಿನಲ್ಲಿ ಹುಟ್ಟಿದವರು ತಂಡದಲ್ಲಿದ್ದರೆ, ನಾಟಕ ಮುಗಿದು ಎಲ್ಲರೂ ನಮಸ್ಕರಿಸುವಾಗ ಅವರು ಮುಂದೆ ಬಂದು ಊರವರಿಗೆ ನಾಲ್ಕು ಮಾತು ಹೇಳಬೇಕು. "ಯಾಯಿಝುನಲ್ಲಿ ನೀವೇ ಕನಾಯೆಸಾನ್. ಚೆನ್ನಾಗಿ ಮಾತಾಡಿ, ಬೇಗ ಮುಗಿಸಿ."

ಪ್ರದರ್ಶನದ ದಿನ ಮಧ್ಯಾಹ್ನ ನಮ್ಮ ಕೋಣೆಯ ಪರದೆ ಸರಿಸಿಕೊಂಡು ಅಸಾಗಿರಿ ಶುಕಾ ಒಳಗೆ ಬಂದರು. ಕೈಯಲ್ಲಿ ಒಂದು ಡಬ್ಬಿ, ಬಾಯಲ್ಲಿ ಸಾರ್ಡೀನ್ ಮೀನು ಅರೆದು ಬೇಯಿಸಿದ ಕಪ್ಪು ಬಿಲ್ಲೆ.

"ಒಕಿಯೊ ಪಾತ್ರದೋರಿಗೆ ಅಂತ ಬರ್ದಿತ್ತು, ಬಾಗಿಲೋರು ನನ್ ಕೋಣೆಗೆ ಕೊಟ್ರು. ಒಳಗೆ ಚೀಟಿ ಇದೆ: 'ಹೊಟ್ಟೆ ಖಾಲಿ ಇಟ್ಕೊಂಡು ಹಾಡ್ಬೇಡ ಮಗಳೇ.' ನಮ್ಮಮ್ಮನಿಗೆ ಮೀನಿನ ವಾಸನೆ ಬಂದ್ರೆ ತಲೆನೋವು. ಯಾರಮ್ಮ ಇದು?"

ಕನಾಯೆಸಾನ್ ಎದ್ದು ನಿಂತು, ಬಾಗಿ, ಎಲ್ಲವನ್ನೂ ಹೇಳಿದರು. ಅಸಾಗಿರಿ ಅಗಿಯುತ್ತ ಕೇಳಿದರು. ನಕ್ಕಾರು ಅಂದುಕೊಂಡೆವು, ನಗಲಿಲ್ಲ. "ಇನ್ನೆರಡು ತಗೋತೀನಿ," ಎಂದು ಹೇಳಿ, ಮೂರು ಎತ್ತಿಕೊಂಡು ಹೋದರು.

ಆ ಸಂಜೆ ಕನಾಯೆಸಾನ್ ಸ್ನಾನದಮನೆಯ ಮೂರನೇ ಗಿರಾಕಿ. ತಲೆಯ ಮೇಲೆ ಮಡಿಸಿದ ಟವೆಲು, ಒಂದೇ ಮಾತು: "ನೀರು ಇವತ್ತು ಸ್ವಲ್ಪ ಜಾಸ್ತಿನೇ ಬಿಸಿ." ಅವರು ಅದನ್ನು ಹೇಳಿದಾಗ ಮೂರನೇ ಸಾಲಿನಿಂದ ಐದನೇ ಸಾಲಿನ ತನಕ ಬೀಸುತ್ತಿದ್ದ ಬೀಸಣಿಗೆಗಳು ನಿಂತವು. ಯಾರೋ ಒಬ್ಬರು ಚಪ್ಪಾಳೆ ತಟ್ಟಿ, ಒಬ್ಬರೇ ಎಂದು ತಿಳಿದು ನಿಲ್ಲಿಸಿದರು. ಆಮೇಲೆ ಎರಡು ಗಂಟೆ ಆ ಮೂರು ಸಾಲುಗಳ ಕಡೆಗೆ ಅವರು ಕಣ್ಣೆತ್ತಲಿಲ್ಲ.

ಕೊನೆಯಲ್ಲಿ ಎಲ್ಲರೂ ಕೈ ಹಿಡಿದು ಬಾಗಿದೆವು. ಕುಸುಮಿ ಪಕ್ಕದಿಂದ ಕೈ ಮಾಡಿದರು. ಕನಾಯೆಸಾನ್ ಮುಂದೆ ಹೋದರು. ಟವೆಲು ತಲೆಯ ಮೇಲೇ ಇತ್ತು.

"ನಾನು ಬಂದರಿನ ಹಿಂದಿನ ಬೀದಿಯ ಶಿಯೊಮಿ ಮನೆ ಹುಡುಗಿ," ಎಂದರು. "ಒಕಿಯೊ ಮಾಡ್ತಿದೀನಿ ಅಂತ ಅಮ್ಮನಿಗೆ ಹೇಳಿದ್ದೆ. ಮಾಡಿದ್ದೂ ನಿಜ. ತಾಲೀಮಿನಲ್ಲಿ, ಇಪ್ಪತ್ತೇಳು ದಿನ. ನೋಡೋಕೆ ಯಾರೂ ಇರ್ಲಿಲ್ಲ. ಇಪ್ಪತ್ಮೂರು ವರ್ಷದಿಂದ ನನ್ ಕೆಲಸ ಅದೇ, ಎರವಲು ಪಾತ್ರೆ ತೊಳ್ದು ಕೊಡೋದು. ಅದನ್ನ ಮೊದಲೇ ಬಿಡಿಸಿ ಹೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ. ನೀವು ನೋಡೋಕೆ ಬಂದಿದ್ದು ನನ್ನನ್ನ. ನಾನು... ಮೂರನೇ ಗಿರಾಕಿ. ತಪ್ಪಾಯ್ತು ಅಮ್ಮಾ." ಆಳವಾಗಿ ಬಾಗಿದಾಗ ಟವೆಲು ಕೆಳಗೆ ಬಿತ್ತು.

ಅಸಾಗಿರಿ ಮುಂದೆ ಬಂದು ಟವೆಲು ಎತ್ತಿಕೊಂಡರು.

"ನಂಗೊಂದು ಕುತೂಹಲ ಇದೆ," ಎಂದರು ಊರವರ ಕಡೆ ತಿರುಗಿ. "ಈ ನಾಟಕದಲ್ಲಿ ಎಲ್ರೂ ಕನಾಯೆಸಾನ್ ಒಕಿಯೊನ ನೋಡಿದಾರೆ, ನನ್ ಒಬ್ಳನ್ನ ಬಿಟ್ಟು. ನಾನು ಬರೋದಕ್ಕೆ ಮುಂಚೆ ಆ ಹಾಡು ಹೇಗಿತ್ತು ಅಂತ ಕೇಳ್ಬೇಕು." ವಾದ್ಯದವರಿಗೆ ತಲೆಯಾಡಿಸಿದರು. ಟವೆಲು ಮಡಿಸಿ ತನ್ನ ತಲೆಯ ಮೇಲಿಟ್ಟುಕೊಂಡು ಹಿಂದಿನ ಸಾಲಿಗೆ ಬಂದು, ನನ್ನ ಪಕ್ಕ, ಮೂರನೇ ಗಿರಾಕಿಯ ಜಾಗದಲ್ಲಿ ನಿಂತರು. ಸಭೆ ನಕ್ಕಿತು. ಅಸಾಗಿರಿಯ ಬಾಯಿಂದ ಮೀನಿನ ವಾಸನೆ ಇನ್ನೂ ಬರುತ್ತಿತ್ತು.

ಕನಾಯೆಸಾನ್ ಕೆಂಪು ಟೇಪಿನ ಮೇಲೆ ಹೋಗಿ ನಿಂತರು. ಬೆಂಕಿ ಆರಿದ ಮೇಲೂ ನೀರು ಬೆಚ್ಚಗಿದೆ, ಬರುವವರು ಬನ್ನಿ ಎನ್ನುವ ಹಾಡು ಅದು. ಅಸಾಗಿರಿ ಅದನ್ನು ತೆರೆದ ಬಾಗಿಲಿನಂತೆ ಹಾಡುತ್ತಾರೆ. ಕನಾಯೆಸಾನ್ ಹಾಡಿದ್ದು ಒಲೆಯ ಪಕ್ಕ ಕೂತವರಂತೆ, ಅವಸರವಿಲ್ಲದೆ. ತಾಲೀಮಿನಲ್ಲಿ ನಾನು ಅದನ್ನು ಎಷ್ಟೋ ಸಲ ಕೇಳಿದ್ದೆ. ಕೇಳುವವರಿದ್ದಾಗ ಆ ದನಿ ಎಷ್ಟು ದೂರ ಹೋಗುತ್ತದೆಂದು ಅವತ್ತು ಗೊತ್ತಾಯಿತು.

ಹಾಡು ಮುಗಿಯಿತು. ಕನಾಯೆಸಾನ್ ಟೇಪಿನಿಂದ ಒಂದು ಹೆಜ್ಜೆ ಎಡಕ್ಕೆ ಸರಿದು, ತಲೆ ಬಾಗಿಸಿ, ಕತ್ತಲಲ್ಲಿ ನಿಂತರು. ದೀಪದ ಬೆಳಕು ಖಾಲಿ ನೆಲದ ಮೇಲೆ, ಕೆಂಪು ಟೇಪಿನ ಮೇಲೆ ಉಳಿಯಿತು. ದೀಪದವನಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಚಪ್ಪಾಳೆ ಯಾರಿಗೆ ತಟ್ಟಬೇಕೆಂದು ಸಭೆಗೂ ತಿಳಿಯಲಿಲ್ಲ.

ಆಗ ಮೂರನೇ ಸಾಲಿನಿಂದ, ಮೀನಿನ ಹರಾಜಿನ ಗದ್ದಲದಲ್ಲೂ ಕೇಳಿಸುವಂಥ ತಮಿಯೆಯವರ ದನಿ ಬಂತು.

"ಎಲ್ಲಿ ಹೋಗ್ತೀಯೇ? ಬೆಳಕು ಆ ಕಡೆ ಇದೆ! ಅಲ್ಲೇ ನಿಂತ್ಕೋ!"

ಕನಾಯೆಸಾನ್ ತಲೆ ಎತ್ತಿದರು. ಆ ಜಾಗ ತೆಗೆದುಕೊಳ್ಳಲು ಯಾರೂ ಬಂದಿರಲಿಲ್ಲ. ತಿರುಗಿ ನೋಡಿದರು; ಅಸಾಗಿರಿ ತಲೆಯ ಟವೆಲು ಬೀಳದಂತೆ ಹಿಡಿದುಕೊಂಡು, ನಾನು ಬರೋದಿಲ್ಲ ಎನ್ನುವಂತೆ ತಲೆಯಾಡಿಸಿದರು. ಕನಾಯೆಸಾನ್ ಒಂದು ಹೆಜ್ಜೆ ಬಲಕ್ಕೆ ಬಂದು ಬೆಳಕಿನಲ್ಲಿ ನಿಂತರು. ಮೊದಲು ಎದ್ದದ್ದು ಮೇಸ್ತ್ರಿಯ ಹೆಂಡತಿ, ಇಸ್ತ್ರಿ ಮಾಡಿದ ಕಿಮೊನೊದಲ್ಲಿ.

ನಟರ ಬಾಗಿಲಲ್ಲಿ ಅರವತ್ತಮೂರೂ ಹೆಂಗಸರು ಕಾದಿದ್ದರು. ಎಲ್ಲರಿಗಿಂತ ಗಿಡ್ಡಗಿದ್ದ ತಮಿಯೆ ಮುಂದೆ ಬಂದರು.

"ಇಪ್ಪತ್ಮೂರು ವರ್ಷ ಕಂಡೋರ ಪಾತ್ರೆ ತೊಳ್ಕೊಂಡಿದ್ಯಾ?"

"ಇಷ್ಟಪಟ್ಟು ಅಮ್ಮಾ."

ತಮಿಯೆ ಬೆರಳ ಗೆಣ್ಣಿನಿಂದ ಮಗಳ ಎದೆಯ ಮೂಳೆಯನ್ನು ಎರಡು ಸಲ ತಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಂಡರು.

"ಚೆನ್ನಾಗಿ ಒಣಗಿದೆ ಕಣ್ರೇ," ಎಂದರು ಹೆಂಗಸರ ಕಡೆ ತಿರುಗಿ.

ಮರುದಿನ ನಗೋಯಾದಲ್ಲಿ ಟವೆಲು ಮತ್ತೆ ಕನಾಯೆಸಾನ್ ತಲೆಯ ಮೇಲಿತ್ತು, ನೀರು ಮತ್ತೆ ಸ್ವಲ್ಪ ಜಾಸ್ತಿಯೇ ಬಿಸಿ. ಈಗ ಹೊಸ ನಾಟಕದ ತಾಲೀಮು ನಡೆಯುತ್ತಿದೆ. ತಾರೆ ಇನ್ನೂ ಬಂದಿಲ್ಲ. ಹಾಡು ಮುಗಿದ ಮೇಲೂ ಕನಾಯೆಸಾನ್ ಕೆಂಪು ಟೇಪಿನ ಮೇಲೆಯೇ ನಿಂತಿರುತ್ತಾರೆ. ಮುಂದಿನ ದೃಶ್ಯ ಶುರುಮಾಡಲು ಕುಸುಮಿ ಎರಡು ಸಲ ಕೆಮ್ಮಬೇಕಾಗುತ್ತದೆ.