ಟರ್ಬೈನ್ ಟ್ಯಾಂಕಿಗೊಂದು ಸದ್ದು

ಕೊಯಮತ್ತೂರಿನ ಪೀಳಮೇಡಿನಲ್ಲಿ ನಾನು ಮಾಡುವ ಕೆಲಸವನ್ನು ಊರಿನವರಿಗೆ ವಿವರಿಸುವುದು ಕಷ್ಟ. ಕಂಪ್ಯೂಟರಿನಲ್ಲಿ ಆಡುವ ಆಟಗಳಿಗೆ ಸದ್ದು ಕೂಡಿಸುವ ಪುಟ್ಟ ಕಚೇರಿ ನಮ್ಮದು. ಚಿತ್ರಗಳು ಬೇರೆ ಯಾವುದೋ ದೇಶದಲ್ಲಿ ತಯಾರಾಗುತ್ತವೆ. ಬಾಗಿಲಿನ ಕಿರುಗುಟ್ಟುವಿಕೆ, ಬೂಟಿನ ಟಕಟಕ, ಮಳೆ, ಬೆಂಕಿ, ಇವೆಲ್ಲ ನಮ್ಮಿಂದ ಹೋಗುತ್ತವೆ. ದಾವಣಗೆರೆಯಿಂದ ಇಲ್ಲಿಗೆ ಬಂದು ಆಗ ಮೂರು ವರ್ಷವಾಗಿತ್ತು. ದಿನವಿಡೀ ಹೆಡ್‌ಫೋನ್ ಹಾಕಿ ಕೂರುವವರು ಪಕ್ಕದವರೊಡನೆ ಮಾತಾಡುವುದಿಲ್ಲ. ಸಂಜೆ ಕೋಣೆಗೆ ಬಂದರೆ ಅಲ್ಲೂ ಮಾತಿಲ್ಲ. ನನ್ನ ತಮಿಳು ತರಕಾರಿ ಕೊಳ್ಳಲು ಸಾಕಾಗುತ್ತಿತ್ತು, ಮನಸ್ಸಿನಲ್ಲಿದ್ದದ್ದನ್ನು ಹೇಳಲು ಸಾಲುತ್ತಿರಲಿಲ್ಲ. ಎಷ್ಟೋ ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಮೊದಲ ಮಾತು ಆಡುವಾಗ ಗಂಟಲು ಕಟ್ಟಿರುತ್ತಿತ್ತು. ಎರಡು ದಿನ ಅದಕ್ಕೆ ಕೆಲಸವೇ ಇರುತ್ತಿರಲಿಲ್ಲವಲ್ಲ.

ಅಂಥ ಒಂದು ಸೋಮವಾರವೇ ನಮ್ಮ ತಂಡದ ಮುಖ್ಯಸ್ಥರು ನನಗೆ ಟ್ಯಾಂಕು ಕೊಟ್ಟರು. ಯುದ್ಧದ ಆಟ. ಪ್ರಯೋಗಕ್ಕೆಂದು ಮಾಡಿ ಕೈಬಿಟ್ಟ ಟ್ಯಾಂಕುಗಳೇ ಅದರಲ್ಲಿ ತುಂಬಿದ್ದವು. ನನ್ನ ಪಾಲಿಗೆ ಬಂದದ್ದು ಡೀಸೆಲ್ ಎಂಜಿನ್ನಿಲ್ಲದ, ವಿಮಾನಕ್ಕಿರುವಂತೆ ಗ್ಯಾಸ್ ಟರ್ಬೈನ್ ಇಟ್ಟಿದ್ದ ಭಾರೀ ಟ್ಯಾಂಕು.

"ಇದರ ರೆಕಾರ್ಡಿಂಗ್ ಎಲ್ಲೂ ಸಿಕ್ಕಿಲ್ಲ," ಅಂದರು. "ನೀವೇ ಹುಟ್ಟಿಸಬೇಕು. ಒಂದು ಅನುಕೂಲ ಇದೆ, ತಪ್ಪಾಗಿದೆ ಅಂತ ಹೇಳೋಕೆ ಅದನ್ನ ಕೇಳಿದವರು ಯಾರೂ ಇಲ್ಲ."

ಒಂದು ವಾರ ಅದರ ಬಗ್ಗೆಯೇ ಓದಿದೆ. ಕಳೆದ ಶತಮಾನದ ಐವತ್ತರ ದಶಕದಲ್ಲಿ ಬ್ರಿಟನ್ನಿನವರು ಒಂದು ಭಾರೀ ಟ್ಯಾಂಕಿನ ಒಡಲಿಗೆ ಟರ್ಬೈನ್ ಕೂಡಿಸಿ ಓಡಿಸಿದ್ದರು. ರಷ್ಯಾದವರೂ ಪ್ರಯತ್ನಿಸಿದ್ದರು. ಗಾತ್ರಕ್ಕೆ ಹೋಲಿಸಿದರೆ ಟರ್ಬೈನಿನ ಶಕ್ತಿ ದೊಡ್ಡದು. ಆದರೆ ಅದು ಇಂಧನವನ್ನು ಕುಡಿದು ಮುಗಿಸುತ್ತಿತ್ತು. ಧೂಳೂ ಅದಕ್ಕೆ ಆಗದು. ಬ್ರಿಟನ್ನಿನ ಆ ಟ್ಯಾಂಕಿಗೆ ತೋಪೂ ಇರಲಿಲ್ಲ, ತೋಪು ತಿರುಗಿಸುವ ಗೋಪುರವೂ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅದನ್ನು ಒಂದು ಸಂಗ್ರಹಾಲಯದ ಮೈದಾನದ ಬದಿಯಲ್ಲಿ ನಿಲ್ಲಿಸಿ, ಬೇರೆ ಟ್ಯಾಂಕುಗಳ ಓಟ ನೋಡಿ ವಿವರಣೆ ಹೇಳುವವರಿಗೆ ಕೂರುವ ಜಾಗ ಮಾಡಿಕೊಟ್ಟರಂತೆ. ಇದನ್ನು ಓದಿದ ಮೇಲೆ ಆ ಟ್ಯಾಂಕು ನನಗೆ ಬರೀ ಕೆಲಸವಾಗಿ ಉಳಿಯಲಿಲ್ಲ.

ಮೊದಲು ಮನೆಯ ತಾರಸಿ ಹತ್ತಿ ವಿಮಾನಗಳ ಸದ್ದು ಹಿಡಿದೆ. ಆಗಲಿಲ್ಲ. ವಿಮಾನದ ಸದ್ದು ಬಂದು ಹೊರಟುಹೋಗುತ್ತದೆ. ನನಗೆ ಬೇಕಾದದ್ದು ನೆಲಕ್ಕೆ ಅಂಟಿಕೊಂಡು, ಸರಪಳಿ ಗಾಲಿಗಳ ಗಡಗಡದ ಮೇಲೆ ಸಣ್ಣಗೆ ಒಂದೇ ಸಮನೆ ಕೊರೆಯುವ ದನಿ. ಸಹೋದ್ಯೋಗಿಯೊಬ್ಬಳು, "ನಮ್ಮ ಮಾವ ಉಡುಮಲೈಪೇಟೆ ಹತ್ತಿರ ನೂಲಿನ ಮಿಲ್ಲಿನಲ್ಲಿದ್ದಾರೆ. ಅಲ್ಲಿ ಹತ್ತಿಯ ಧೂಳು ಹೀರೋ ದೊಡ್ಡ ಫ್ಯಾನುಗಳಿವೆ. ಹೋಗಿ ನೋಡು," ಅಂದಳು.

ಹೋದೆ. ಬೆಳಗಿನಿಂದ ಫ್ಯಾನುಗಳ ಮುಂದೆ ಮೈಕು ಹಿಡಿದು ನಿಂತೆ. ಪ್ರತಿ ಸಲ ರೆಕಾರ್ಡ್ ಮಾಡುವ ಮೊದಲು ಗುರುತಿಗೆ ನಾಲ್ಕು ಮಾತು ಹೇಳುವುದು ನನ್ನ ಅಭ್ಯಾಸ, ಅದೂ ಕನ್ನಡದಲ್ಲಿ. ಮಧ್ಯಾಹ್ನ ಕ್ಯಾಂಟೀನಿನ ಮೂಲೆಯಲ್ಲೂ ಒಂದು ಫ್ಯಾನು ಕಂಡು, "ಗೋಡೆಯ ಫ್ಯಾನು, ಹತ್ತು ಅಡಿ ದೂರ" ಎಂದು ಮೈಕಿಗೆ ಪಿಸುಗುಟ್ಟಿದೆ. ಆಚೆ ಬದಿಯಲ್ಲಿ ಅನ್ನ ಬಡಿಸುತ್ತಿದ್ದ ಅರವತ್ತರ ಹೆಂಗಸೊಬ್ಬರು ಸೌಟು ಇಟ್ಟು ನೇರ ನನ್ನ ಬಳಿ ಬಂದರು.

"ನೀ ಕನ್ನಡವಾ, ಕಣ್ಣು?" ತಮಿಳರು ಮಕ್ಕಳನ್ನು ಮುದ್ದಿನಿಂದ ಕರೆಯುವಂತೆ ಕೇಳಿದರು.

ಅಷ್ಟು ದೂರದಿಂದ ನನ್ನ ಪಿಸುಮಾತು ಹೇಗೆ ಕೇಳಿಸಿತೆಂದು ಕೇಳಿದೆ. ಅವರು ನಕ್ಕರು. "ಕೇಳಲಿಲ್ಲ, ನೋಡಿದೆ. ನಂಗೆ ಕಿವಿ ಇಲ್ಲ. ಮೂವತ್ತು ವರ್ಷ ಒಳಗೆ ನೂಲು ವೇಲೆ ಮಾಡಿದೋಳು ನಾನು. ಆ ಮಿಷಿನ್ ಹತ್ರ ಕೂಗಿದ್ರೂ ಕೇಳಲ್ಲ. ಎಲ್ರೂ ತುಟಿ ನೋಡೇ ಮಾತಾಡ್ತಿದ್ವು."

ಅವರದು ತಲೆಮಾರುಗಳ ಹಿಂದೆ ಈ ಕಡೆ ಬಂದು ನೆಲೆಸಿದ ನೇಕಾರರ ಮನೆತನ. ಮನೆಯೊಳಗೆ ಮಾತ್ರ ಕನ್ನಡ, ಅದೂ ಕೆಲಸಕ್ಕೆ 'ವೇಲೆ' ಎನ್ನುವಂಥ, ತಮಿಳು ಬೆರೆತದ್ದು. ಓದಲು ಬರೆಯಲು ಬರುತ್ತಿದ್ದುದು ತಮಿಳು. ಭಾನುವಾರ ಊಟಕ್ಕೆ ಬಾ ಎಂದು ಕೈ ಹಿಡಿದು ಹೇಳಿದರು. ಮೂರು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ.

ಆ ಭಾನುವಾರ ಲ್ಯಾಪ್‌ಟಾಪನ್ನೂ ಹೊತ್ತುಕೊಂಡೇ ಹೋದೆ. ಫ್ಯಾನುಗಳ ಸದ್ದು ಕೈಗೆ ಬಂದಿದ್ದರೂ ಟ್ಯಾಂಕು ಬಂದಿರಲಿಲ್ಲ. ಬಸ್ಸಿನಲ್ಲೂ ಅದನ್ನೇ ತಿದ್ದುತ್ತಿದ್ದೆ. ಆ ಹೆಂಗಸನ್ನು ಅಷ್ಟರಲ್ಲೇ ಅಮ್ಮ ಎಂದು ಕರೆಯತೊಡಗಿದ್ದೆ. ಅವರ ಸೊಸೆ ಬಾಳೆಲೆ ಹಾಕಿ ಬಡಿಸಿದಳು. ಅತ್ತೆಗೆ ಏನು ಹೇಳಬೇಕಾದರೂ ಆಕೆ ಕೂಗುತ್ತಿದ್ದಳು. ಕೂಗಿ ಕೂಗಿ ಮಾತು ಕಡಿಮೆ ಮಾಡಿಕೊಂಡಿದ್ದಳೆಂದು ತೋರಿತು.

ಊಟವಾದ ಮೇಲೆ ಅಮ್ಮ ತಮ್ಮ ಕಿವಿ ಮುಟ್ಟಿಕೊಂಡು ಅಂದರು, "ಇದರೊಳಗೆ ಸತ್ತ ಐತೆ, ಕಣ್ಣು. ನಿಲ್ಲೋದೇ ಇಲ್ಲ."

ಸತ್ತದ್ದು ಏನು ಎಂದು ಗಾಬರಿಯಾಯಿತು. ಸೊಸೆ ಬಿಡಿಸಿ ಹೇಳಿದಳು, "ಸತ್ತ ಅಂದ್ರೆ ಸದ್ದು. ತಮಿಳಲ್ಲಿ ಹಂಗೆ. ಏನೋ ಕುಯ್ಯ್ ಅಂತದೆ ಅಂತಾರೆ. ನಮಗೆ ಯಾರಿಗೂ ಕೇಳಲ್ಲ. ಡಾಕ್ಟ್ರು ವಯಸ್ಸಾಯ್ತು ಅಂದ್ರು."

ಹೇಗಿದೆ ಆ ಸದ್ದು ಎಂದು ತುಟಿ ಬಿಡಿಸಿ ನಿಧಾನವಾಗಿ ಕೇಳಿದೆ. ಅಮ್ಮ ಹೇಳಲು ಹೋಗಿ ಸೋತರು. ಲ್ಯಾಪ್‌ಟಾಪಿನಲ್ಲಿ ಒಂದು ಸ್ವರವನ್ನು ಬೇಕಾದಷ್ಟು ಏರಿಸುವ ಇಳಿಸುವ ಸೌಲಭ್ಯವಿತ್ತು. ಹೆಡ್‌ಫೋನನ್ನು ಅವರ ಕಿವಿಗೆ ಹಾಕಿ, ಅವರಿಗೆ ಕೇಳಿಸುವವರೆಗೆ ಸದ್ದು ಹೆಚ್ಚಿಸಿ, ಸ್ವರವನ್ನು ಮೆಲ್ಲಗೆ ಏರಿಸುತ್ತಾ ಹೋದೆ.

"ಇದಲ್ಲ... ಇನ್ನೂ ಮ್ಯಾಲೆ. ಇನ್ನೂ ಸಣ್ಣಗೆ... ಹೋಯ್ತು, ಹೋಯ್ತು, ಕೆಳಗೆ ಬಾ." ತಟ್ಟನೆ ನನ್ನ ಮುಂಗೈ ಹಿಡಿದುಕೊಂಡರು. "ಇದೇ! ಇದೇ ಕಣ್ಣು! ನಿಂಗೆ ಹೆಂಗೆ ಸಿಕ್ತು?"

ಹೆಡ್‌ಫೋನ್ ಕಿತ್ತು ಸೊಸೆಗೆ ಕೊಟ್ಟರು. ನಾನು ಸದ್ದು ತಗ್ಗಿಸಿ, ಆಕೆಗೆ ಹಾಕಿಕೊಳ್ಳಲು ಹೇಳಿದೆ. ಅರ್ಧ ನಿಮಿಷವೂ ಆಕೆಗೆ ತಾಳಲಾಗಲಿಲ್ಲ.

"ಇದಾ ಅತ್ತೆ? ಇಷ್ಟು ವರ್ಷ ಇದಾ?" ಕೂಗುವುದನ್ನೂ ಮರೆತು ಮೆಲ್ಲಗೆ ಕೇಳಿದಳು. "ಮಲಗಿದ್ರೂ ಇರ್ತದಾ?"

ಅಮ್ಮ ಆಕೆಯ ತುಟಿ ನೋಡಿದರು. "ಇರ್ತದೆ."

ಸೊಸೆ ಹತ್ತಿರ ಬಂದು ಅವರ ಪಕ್ಕ ಕುಳಿತಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ದುಃಖಕ್ಕಲ್ಲ ಎಂದು ಮುಖದಲ್ಲೇ ಕಾಣುತ್ತಿತ್ತು.

ಸಂಜೆ ಹೊರಡುವ ಮುನ್ನ ನನ್ನ ಕೆಲಸ ಹೇಳಿ, ಆ ಸದ್ದನ್ನು ನನ್ನ ಟ್ಯಾಂಕಿಗೆ ಇಟ್ಟುಕೊಳ್ಳಲೇ ಎಂದು ಕೇಳಿದೆ.

"ಟ್ಯಾಂಕಾ? ನೀರು ಟ್ಯಾಂಕಾ?"

"ಅಲ್ಲಮ್ಮಾ, ಯುದ್ಧದ್ದು. ತೋಪು ಹೊಡೆಯೋದು."

"ಈಗ ಎಲ್ಲೈತೆ?"

"ಯುದ್ಧಕ್ಕೆ ಹೋಗಲೇ ಇಲ್ಲ. ಮಾಡಿ ನೋಡಿದ್ರು, ಎಣ್ಣೆ ಜಾಸ್ತಿ ಕುಡಿಯುತ್ತೆ ಅಂತ ಬಿಟ್ಟುಬಿಟ್ರು."

"ಪಾವ!" ಅಂದರು, ಪಕ್ಕದ ಮನೆಯವರ ವಿಚಾರ ಕೇಳಿದವರಂತೆ ಮರುಗಿ. "ತಗೋ, ಇಟ್ಕೋ. ನಂಗೆ ಬ್ಯಾಡ ಅದು."

ಮರುದಿನ ಟ್ಯಾಂಕು ಓಡಿತು. ಕೆಳಗೆ ಸರಪಳಿಯ ಗಡಗಡ, ನಡುವೆ ಮಿಲ್ಲಿನ ಫ್ಯಾನಿನ ಉಸಿರು, ಮೇಲೆ ಅಮ್ಮನ ಸ್ವರ. ವೇಗ ಹೆಚ್ಚಿಸಿದಾಗ ಆ ಸ್ವರ ತುಸು ತಡವಾಗಿ ಏಳುವಂತೆ ಮಾಡಿದೆ, ಟರ್ಬೈನಿನ ಸ್ವಭಾವವೇ ಹಾಗಂತೆ. ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತಾ ಎಷ್ಟೋ ಹೊತ್ತು ಕುಳಿತಿದ್ದೆ. ಮುಖ್ಯಸ್ಥರು ಮೆಚ್ಚಿದರು. ಆಟದ ಕಂಪನಿಯವರಿಂದ ಎರಡು ವಾರದ ನಂತರ ಉತ್ತರ ಬಂತು. ಗಡಗಡ ಚೆನ್ನಾಗಿದೆ, ಮೇಲಿನ ಕೀರಲು ಆಡುವವರಿಗೆ ಕಿರಿಕಿರಿ, ತೆಗೆಯಿರಿ. ನಾನು ಸ್ವಲ್ಪ ತಗ್ಗಿಸಿ ಕಳಿಸಿದೆ. ಇನ್ನೂ ಅಂದರು. ಕೊನೆಗೆ ಪೂರ್ತಿ ತೆಗೆದೆ. ಈಗ ಆಟದಲ್ಲಿ ಅದು ಸಾಮಾನ್ಯ ಡೀಸೆಲ್ ಟ್ಯಾಂಕಿನಂತೆಯೇ ಓಡುತ್ತದೆ.

ಇದನ್ನು ಅಮ್ಮನಿಗೆ ತಿಳಿಸಲು ದಾರಿಯಿರಲಿಲ್ಲ. ಫೋನು ಅವರಿಗೆ ಕೇಳದು, ಸೊಸೆಯ ನಂಬರನ್ನು ನಾನು ಕೇಳಿಕೊಂಡಿರಲಿಲ್ಲ, ನಾನು ಬರೆದ ಕನ್ನಡ ಅವರು ಓದಲಾರರು, ತಮಿಳು ನನಗೆ ಬರೆಯಲು ಬಾರದು. ಕೆಲಸದ ನಡುವೆ ಮೂರು ತಿಂಗಳು ಕಳೆಯಿತು. ಒಂದು ಭಾನುವಾರ ಹೇಳದೆ ಕೇಳದೆ ಹೋದೆ.

ಅಮ್ಮ ಟಿವಿ ನೋಡುತ್ತಿದ್ದರು. ಕಿವಿಯ ಹಿಂದೆ ಪುಟ್ಟದೊಂದು ಯಂತ್ರ. ನಾನು ಹೋಗಿ ಬಂದ ವಾರವೇ ಸೊಸೆ ಕೊಯಮತ್ತೂರಿಗೆ ಕರೆದುಕೊಂಡು ಹೋಗಿ, ಪರೀಕ್ಷೆ ಮಾಡಿಸಿ, ಹಾಕಿಸಿದ್ದಳು.

"ಬಾ ಕಣ್ಣು! ಈಗ ಎಲ್ಲಾ ಕೇಳ್ತದೆ. ಒಳಗಿನ ಸತ್ತಾನೂ ಕಮ್ಮಿ ಆಯ್ತು. ಇದು ಹಾಕಿದ್ರೆ ಅದರ ನೆನಪೇ ಬರಲ್ಲ."

ಸೊಸೆ ಕಾಫಿ ತಂದಳು. ಇಬ್ಬರೂ ಧಾರಾವಾಹಿಯ ಯಾವಳೋ ಸವತಿಯ ಬಗ್ಗೆ ಮಾತಾಡಿ ನಗುತ್ತಿದ್ದರು. ಅಷ್ಟರಲ್ಲಿ ಪೊಳ್ಳಾಚಿಯ ಗೆಳತಿಯೊಬ್ಬರಿಂದ ಅಮ್ಮನಿಗೆ ಫೋನು ಬಂತು. ಅಮ್ಮ ನನಗೆ ಕೂತ್ಕೋ ಎಂದು ಕೈಸನ್ನೆ ಮಾಡಿ, ತಮಿಳಿನಲ್ಲಿ ಅರ್ಧ ಗಂಟೆ ಮಾತಾಡಿದರು. ನನಗೆ ಸಂತೋಷವೇ ಆಯಿತು. ಅದರ ಜೊತೆಗೆ, ಹೇಳಲು ನಾಚಿಕೆಯಾಗುವ ಇನ್ನೊಂದು ಭಾವನೆಯೂ ಬಂತು. ಆ ಸದ್ದು ಇದ್ದಷ್ಟು ದಿನ ಈ ಮನೆಯಲ್ಲಿ ನನಗೊಂದು ಕೆಲಸವಿದೆ ಎಂದು ನಂಬಿಕೊಂಡಿದ್ದೆ.

ಟ್ಯಾಂಕಿನ ಸುದ್ದಿ ಹೇಳಲಿಲ್ಲ. ಅವರೂ ಕೇಳಲಿಲ್ಲ. ಹೊರಡುವಾಗ ಅಮ್ಮ ಎರಡು ತೆಂಗಿನಕಾಯಿ ಚೀಲಕ್ಕೆ ಹಾಕಿ, ಬಾಗಿಲ ತನಕ ಬಂದರು. ಬಸ್ಸು ಕೊಯಮತ್ತೂರಿನ ಉಕ್ಕಡದ ನಿಲ್ದಾಣದವರೆಗೆ ಮಾತ್ರ. ಅಲ್ಲಿ ಇಳಿದು, ತೆಂಗಿನಕಾಯಿಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಪೀಳಮೇಡಿನ ಬಸ್ಸಿಗೆ ಕಾಯುತ್ತಾ ನಿಂತೆ.